ಮೂವತ್ತೆಂಟು ಫೋಟೋ

ಗಂಡನ ಮೆತ್ತನೆಯ ಹೊಸ ಚಪ್ಪಲಿ ‘ಕೊಡುವುದು’ ಎಂಬ ರಾಶಿಗೆ ಬಿತ್ತು. ನಡೆದರೆ ಬೀದಿಗೆಲ್ಲ ಕೇಳುವಂತೆ ಕಿರುಗುಟ್ಟುವ ಹಳೇ ಬೂಟು ‘ಇರಲಿ’ ಎಂಬ ರಾಶಿಯಲ್ಲಿ ಠೀವಿಯಿಂದ ಕೂತಿತು.

“ಇದೇನೇ ಇದು? ಆ ಬೂಟಿಗೆ ದಿನಾ ಶಾಪ ಹಾಕ್ತಿದ್ದವಳು ನೀನೇ ಅಲ್ವಾ?” ಎಂದ ಫೋಟೋಗ್ರಾಫರ್.

“ಈಗ ಇಷ್ಟ ಆಗಿದೆ. ಹೊಸ ಮನೇಲಿ ಅದನ್ನೇ ಹಾಕ್ಕೊಂಡು ಓಡಾಡಿ,” ಎಂದಳು ಹೆಂಡತಿ.

ಅಣಕಿಸುತ್ತಿದ್ದಾಳೆ ಎಂದುಕೊಂಡ. ಈಚೆಗೆ ಅವಳ ಮಾತೆಲ್ಲ ಹೀಗೇ, ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ.

ಕೆಳಗೆ ಸ್ಟುಡಿಯೋ, ಮೇಲೆ ಮನೆ. ಸ್ಟುಡಿಯೋಗೆ ಬೀಗ ಬಿದ್ದು ವರ್ಷವಾಗಿತ್ತು. ಎಲ್ಲರ ಕೈಗೂ ಫೋನು ಬಂದ ಮೇಲೆ ಊರಿಗೆ ಊರೇ ಫೋಟೋಗ್ರಾಫರ್, ಇನ್ನು ಇವನನ್ನು ಕೇಳುವವರು ಯಾರು? ಈ ಮೆಟ್ಟಿಲು ಇನ್ನು ನನ್ನ ಕೈಲಾಗಲ್ಲ ಎಂದು ಹಟ ಹಿಡಿದವಳು ಹೆಂಡತಿ. ಅವನ ತಂಗಿಯನ್ನು ಜೊತೆಗೆ ಕಟ್ಟಿಕೊಂಡು ಎರಡು ಕೋಣೆಯ ನೆಲಮಹಡಿ ಮನೆ ಹುಡುಕಿದವಳೂ ಅವಳೇ. ಈಗ ಆರು ಕೋಣೆಯ ಸಂಸಾರವನ್ನು ಎರಡಕ್ಕೆ ಇಳಿಸಬೇಕು. ಅದಕ್ಕೊಂದು ಕಟ್ಟಳೆ ಮಾಡಿದ್ದಳು. ಪ್ರತಿಯೊಂದು ಸಾಮಾನನ್ನೂ ಎರಡು ಕೈಯಲ್ಲಿ ಹಿಡಿಯಬೇಕು. ಮನಸ್ಸು ಒಪ್ಪಿದರೆ ಇರಲಿ, ಇಲ್ಲದಿದ್ದರೆ ಕೊಡುವುದು. ಕೊನೆಯ ಮಾತು ಅವಳದ್ದು. ಅವನೂ ಹೂಂ ಎಂದಿದ್ದ, ಪೆದ್ದ!

ಹೂವಿನ ಚಿತ್ತಾರದ ಆರು ಕಪ್ಪುಗಳು ಹೋದವು. ಅಂಚು ಒಡೆದ ಒಂದು ಕಪ್ಪು ಉಳಿಯಿತು. ಪುಸ್ತಕಗಳೆಲ್ಲ ಹೋದವು. ಗಂಟಲು ಕೆಟ್ಟ ರೇಡಿಯೋ ಉಳಿಯಿತು. ಆಳೆತ್ತರದ ಕನ್ನಡಿಯನ್ನು ಹೊರಗೆ ಸಾಗಿಸುವಾಗ ಅವನಿಗೆ ತಡೆಯಲಾಗಲಿಲ್ಲ.

“ಕನ್ನಡಿನೂ ಬೇಡ್ವಾ?”

“ಈ ಮುಖಾನ ಇನ್ನು ಯಾರು ನೋಡ್ಬೇಕು, ಬಿಡಿ.”

ಅವನು ಅವಳತ್ತ ತಿರುಗಿದ. ನಾನು ನೋಡುವುದು ಲೆಕ್ಕಕ್ಕೇ ಇಲ್ಲವೇ?

ಗುಮಾನಿ ಇವತ್ತಿನದಲ್ಲ. ವಾರಕ್ಕೆರಡು ಸಲ ಮಧ್ಯಾಹ್ನ ತಂಗಿ ಬರುತ್ತಿದ್ದಳು. ಅತ್ತಿಗೆಯ ತೋಳಿಗೆ ತೋಳು ಸೇರಿಸಿ ಕರೆದೊಯ್ಯುತ್ತಿದ್ದಳು. ಎಲ್ಲಿಗೆ ಎಂದರೆ “ಹೊಸ ಮನೆ ನೋಡಕ್ಕೆ.” ಅದೆಷ್ಟು ಸಲ ನೋಡುವುದು! ಕೇಳಿದರೆ ಹೆಂಡತಿ ಹೇಳಿದ್ದು ಒಂದೇ: “ಬಾಗಿಲಿಂದ ಅಡುಗೆಮನೆಗೆ ಹನ್ನೊಂದು ಹೆಜ್ಜೆ.” ಇಬ್ಬರೂ ಪಿಸುಪಿಸು ಎನ್ನುತ್ತಿದ್ದವರು ಇವನು ಬಂದರೆ ತುಟಿ ಹೊಲಿದುಕೊಳ್ಳುತ್ತಿದ್ದರು. ತನ್ನನ್ನು ಬಿಟ್ಟು ಬೇರೆ ಇರುವ ಸಂಚು, ಒಡಹುಟ್ಟಿದವಳೇ ಅದಕ್ಕೆ ಕೈಜೋಡಿಸಿದ್ದಾಳೆ ಎಂದು ಅವನು ಒಳಗೊಳಗೇ ಬೇಯುತ್ತಿದ್ದ.

ಕೊನೆಗೆ ಆಲ್ಬಮ್ಮಿನ ಸರದಿ ಬಂತು.

ಮದುವೆಯಾದ ದಿನದಂದು ಪ್ರತಿ ವರ್ಷ ಹೆಂಡತಿಯನ್ನು ಸ್ಟುಡಿಯೋದ ಸ್ಟೂಲಿನ ಮೇಲೆ ಕೂರಿಸಿ ಒಂದೇ ಒಂದು ಫೋಟೋ ತೆಗೆಯುತ್ತಿದ್ದ. ಚೆನ್ನಾಗಿ ಬರಲಿ, ಬಿಡಲಿ, ಎರಡನೆಯದಿಲ್ಲ. ಹೀಗೆ ಮೂವತ್ತೆಂಟು. ಮೂವತ್ತಾರರಲ್ಲಿ ಅವಳು ಅವನನ್ನೇ ನೋಡುತ್ತಿದ್ದಳು. ಕೊನೆಯ ಎರಡರಲ್ಲಿ “ಇಲ್ಲಿ ನೋಡೇ, ಇಲ್ಲಿ” ಎಂದು ಬಡಕೊಂಡರೂ ಅವನ ಕಿವಿಯ ಪಕ್ಕ ಇನ್ನೆಲ್ಲೋ ನೋಡಿದ್ದಳು. ಪ್ರಿಂಟ್ ಹಾಕಿದ ದಿನ ಅವನಿಗೆ ಊಟ ಸೇರಿರಲಿಲ್ಲ. ಮನಸ್ಸು ಬೇರೆ ಕಡೆ ಇರುವವರನ್ನು ಅವನು ಎಷ್ಟು ಕಂಡಿಲ್ಲ! ಅದೇ ಅವನ ಕಸುಬು.

ಅವಳು ಆಲ್ಬಮ್ಮನ್ನು ಎರಡು ಕೈಯಲ್ಲಿ ಹಿಡಿದಳು. ರಟ್ಟಿನ ಮೇಲೆ ಹೆಬ್ಬೆರಳಾಡಿಸಿದಳು. ತೆರೆಯಲಿಲ್ಲ.

“ಕೊಡುವುದು,” ಎಂದಳು.

“ಒಂದು ಸಲ ತೆಗೆದು ನೋಡಬಾರದೇನೇ?”

“ನೋಡಿ ಏನು ಮಾಡ್ಲಿ?”

ಮೂಲೆಯಲ್ಲಿ ಗಂಟು ಕಟ್ಟುತ್ತಾ ಕೂತಿದ್ದ ತಂಗಿ ಚಂಗನೆ ಎದ್ದು ಬಂದಳು. “ಕೊಡಿ ಅತ್ತಿಗೆ, ನಾನಿಟ್ಕೊಳ್ತೀನಿ,” ಎಂದು ಕಸಿದುಕೊಂಡವಳು ಅಣ್ಣನ ಕಡೆ ತಿರುಗಿದಳು. “ಇಷ್ಟು ವರ್ಷ ಫೋಟೋ ತೆಗೆದ್ಯಲ್ಲ ಅಣ್ಣಾ, ಅದೇನು ನೋಡಿದ್ಯೋ ನೀನು!”

“ಸುಮ್ಮನಿರೇ. ಮಾತು ಕೊಟ್ಟಿದ್ದೀಯ,” ಎಂದಳು ಹೆಂಡತಿ.

ಹಾಗಾದರೆ ಇದು ನಿಜವೇ. ಮಾತುಕತೆಯೆಲ್ಲ ಮುಗಿದಿದೆ, ತನಗೆ ಹೇಳುವುದೊಂದೇ ಬಾಕಿ. ಕಾಲಿಗೆ ಬೀಳೋಣವೆಂದರೆ ಯಾವ ತಪ್ಪಿಗೆ ಎಂದು ಗೊತ್ತಿಲ್ಲ. ರಾತ್ರಿಯೆಲ್ಲ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಮರುದಿನ ಮಧ್ಯಾಹ್ನಕ್ಕೆ ಸಾಮಾನೆಲ್ಲ ಲಾರಿ ಸೇರಿತು. ತಂಗಿ ಕೆಳಗೆ ಹಗ್ಗ ಬಿಗಿಸುವುದನ್ನು ನೋಡುತ್ತಿದ್ದಳು. ಅವನು ಖಾಲಿ ಹಜಾರದ ನಡುಮಧ್ಯೆ ಹೋಗಿ ನಿಂತುಬಿಟ್ಟ. ಬರುವುದು ಬೇಡವೆಂದಿದ್ದರೆ ಅವಳೇ ಬಾಯಿಬಿಟ್ಟು ಹೇಳಲಿ, ಅಲ್ಲಿಯವರೆಗೆ ಒಂದು ಹೆಜ್ಜೆಯೂ ಕದಲುವುದಿಲ್ಲ ಎಂದು ನಿಶ್ಚಯಿಸಿದ್ದ. ದೊಡ್ಡ ಕಿಟಕಿಯಿಂದ ಬಿಸಿಲು ನೇರ ಅವನ ಮೇಲೆ ಬೀಳುತ್ತಿತ್ತು.

ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ಒಳಗೆ ಬಂದಳು. ಮೆಲ್ಲಗೆ ನಡೆದು ಅವನೆದುರು ನಿಂತಳು, ಕೈ ಚಾಚಿದರೆ ತಾಗುವಷ್ಟು ಹತ್ತಿರ.

“ರೀ,” ಎಂದಳು.

ಅವನು ಓಗೊಡಲಿಲ್ಲ. ಎದುರಿಗೇ ಇರುವವನನ್ನು ಕೂಗುವುದೇನು ಬಂತು, ಹೇಳುವುದಿದ್ದರೆ ಹೇಳಲಿ. ಉಸಿರು ಬಿಗಿಹಿಡಿದು ಅವಳ ಮುಖವನ್ನೇ ನೋಡಿದ.

ಕೆಳಗಿನಿಂದ ಲಾರಿ ಡ್ರೈವರ್ ಕೂಗಿದ, “ಅಮ್ಮಾ, ಹೊರಡೋಣ್ವಾ?”

ಅವಳು ಕಣ್ಣರಳಿಸಿ ಹಜಾರದ ಸುತ್ತ ಒಮ್ಮೆ ಮುಖ ತಿರುಗಿಸಿದಳು. ಆ ಕಣ್ಣು ಅವನ ಮುಖದ ಮೇಲೆ ಹಾದುಹೋದರೂ ಅಲ್ಲಿ ನಿಲ್ಲಲಿಲ್ಲ. ಆಮೇಲೆ ಮೆಟ್ಟಿಲ ಕಡೆಗೆ ಕೂಗಿ ಹೇಳಿದಳು: “ಇಲ್ಲೂ ಇಲ್ಲ ಕಣಪ್ಪಾ ಅವರು, ಎಲ್ಲಿದ್ದಾರೋ ಸ್ವಲ್ಪ ಹುಡುಕು. ಅವರನ್ನ ಬಿಟ್ಟು ನಾನು ಎಲ್ಲಿಗೂ ಬರಲ್ಲ.”