ಹಳೇ ಕ್ಲಾಸು

ಬೆಳಗಾಗುತ್ತಲೇ ನಾದಿನಿ ನಾಂತೆಜ ಭುಜ ಚೂಪಾಗಿ ನಿಂತ, ಸಮಾರಂಭಕ್ಕೆಂದೇ ಎತ್ತಿಟ್ಟ ಬುಸೂತಿ ನಿಲುವಂಗಿ ತೊಟ್ಟು, ನಡುವಿಗೆ ಪಟ್ಟಿ ಬಿಗಿದು ಅಂಗಳಕ್ಕೆ ಕಾಲಿಟ್ಟಾಗ ನಕಿಬೂಕ ಗುಡಿಸುತ್ತಿದ್ದ ಪೊರಕೆ ಬಿಸಾಡಿದಳು. ಉಗಾಂಡದ ಮಸಾಕದ ಕಡೆ ಹುಡುಗಿಯರು ತಾಯಿಗೆ ಹೇಳಲಾಗದ್ದನ್ನು ಸೋದರತ್ತೆಗೆ ಹೇಳುತ್ತಾರೆ. ಅತ್ತೆ ಸಿಂಗರಿಸಿಕೊಂಡು ಬಂದಳೆಂದರೆ ಒಂದೋ ಗಂಡು ಗೊತ್ತಾಗಿದೆ, ಇಲ್ಲವೇ ಬಸಿರು ನಿಂತಿದೆ. ಕೊರೋನಾ ಎಂದು ಶಾಲೆಗೆ ಬೀಗ ಬಿದ್ದ ಎರಡು ವರ್ಷಗಳಲ್ಲಿ ಆ ಬೀದಿಯ ಎಷ್ಟೋ ಮನೆಗಳಿಗೆ ಅತ್ತೆಯರು ಹೀಗೇ ಬಂದಿದ್ದರು. ಬೀಗ ತೆಗೆಯುವುದು ಇವತ್ತು. ಇವತ್ತೇ ಇವಳು ಬಂದಳಲ್ಲ!

"ಯಾರವನು?" ಕೂರು ಎನ್ನುವ ಮೊದಲೇ ನಕಿಬೂಕ ಸಿಡಿದಳು. "ಆ ಬಾಡಿಗೆ ಬೈಕಿನವನಾ? ಕಾಲು ಮುರಿದು ಕೈಗೆ ಕೊಡ್ತೀನಿ!"

"ಅತ್ತಿಗೇ, ಮೊದಲು ಒಂದು ಲೋಟ ನೀರು ಕೊಡು. ಆಮೇಲೆ ಮುರಿಯುವಂತೆ. ಅವಳನ್ನ ಕರಿ."

ಹದಿನೈದರ ಮಗಳು ನಬವೇಸಿ ಬಂದು ಇಬ್ಬರ ಮುಂದೆಯೂ ಮಂಡಿಯೂರಿದಳು. ಅದು ದಿನದ ಪದ್ಧತಿಯೇ. ಆದರೆ ಇವತ್ತು ತಲೆ ಎತ್ತಲಿಲ್ಲ. ತಾಯಿಯ ಕಣ್ಣು ಮಗಳ ಹೊಟ್ಟೆಯ ಮೇಲೆ ನೆಟ್ಟಿತು.

"ಎಷ್ಟು ತಿಂಗಳಾಯ್ತೇ?"

"ತಿಂಗಳೇನಮ್ಮಾ, ಎರಡು ವರ್ಷ ಆಯ್ತಲ್ಲ. ಎಲ್ಲಾ ಮರೆತೇ ಹೋಗಿದೆ."

"ಏನು ಮರೆತದ್ದು?"

"ಲೆಕ್ಕ. ಇಂಗ್ಲಿಷು. ಎಲ್ಲರನ್ನೂ ಸುಮ್ಮನೆ ಮುಂದಿನ ಕ್ಲಾಸಿಗೆ ತಳ್ತಾರಂತೆ. ನಾನು ಹಳೇ ಕ್ಲಾಸಲ್ಲೇ ಕೂರ್ತೀನಿ. ನಿನಗೆ ಹೇಳಿದ್ರೆ ದಡ್ಡಿ ಅಂತ ಹೊಡೀತೀಯ. ಅದಕ್ಕೇ ಅತ್ತೆಗೆ ಹೇಳ್ದೆ."

ನಕಿಬೂಕ ನಾದಿನಿಯತ್ತ ತಿರುಗಿದಳು. "ಅಷ್ಟಕ್ಕಾ ಈ ಬುಸೂತಿ, ಮಾರಾಯ್ತಿ?"

"ಮತ್ತೆ? ಹೆಡ್‌ಮೇಷ್ಟ್ರನ್ನ ಕೇಳೋಕೆ ಹರಕು ಬಟ್ಟೇಲಿ ಹೋಗ್ಲಾ?"

ನಕಿಬೂಕ ಮಗಳ ಬೆನ್ನಿಗೊಂದು ಗುದ್ದಿ, ತಬ್ಬಿಕೊಂಡು, ಮತ್ತೆ ಗುದ್ದಿದಳು. "ಒಂದಲ್ಲ, ಎರಡು ಕ್ಲಾಸು ಹಿಂದಕ್ಕೆ ಹೋಗೇ ನನ್ನವ್ವಾ!" ಎಂದವಳೇ ಬಾಯಿಗೆ ಕೈ ಅಡ್ಡ ಹಿಡಿದು, ನಾಲಿಗೆ ಆಡಿಸಿ, ಮದುವೆಮನೆಯ ಕೇಕೆ ಹಾಕಿದಳು. ಬೇಲಿಯಾಚೆಯ ಹೆಂಗಸರು ಓಡಿ ಬಂದರು.

"ಯಾರ ಮದುವೆಯೇ?"

"ಮದುವೆಯಂತೆ ಮದುವೆ! ನನ್ನ ಮಗಳು ಹಳೇ ಕ್ಲಾಸಲ್ಲೇ ಕೂರ್ತಾಳಂತೆ ಕಣ್ರೇ!"

ಯಾರೂ ನಗಲಿಲ್ಲ. ಶಾಲೆಗೆ ಬೀಗ ಬಿದ್ದಾಗ ಮಗಳು ಹೆತ್ತ ಮೊಮ್ಮಗುವನ್ನು ಬೆನ್ನಿಗೆ ಕಟ್ಟಿಕೊಂಡಿದ್ದ ಪಕ್ಕದ ಮನೆಯವಳು ನಕಿಬೂಕಳಿಗಿಂತ ಜೋರಾಗಿ ಕೇಕೆ ಹಾಕಿದಳು. ಬೆನ್ನ ಮೇಲಿನ ಕೂಸು ಬೆಚ್ಚಿ ಅಳತೊಡಗಿತು.