ಬೇರೆ ಬಂಕು

ಮೆಕ್ಯಾನಿಕ್ ಕಾರಿನ ಟ್ಯಾಂಕಿನಿಂದ ಒಂದಷ್ಟು ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ ಬೆಳಕಿಗೆ ಹಿಡಿದ. ಸ್ವಲ್ಪ ಹೊತ್ತಿಗೆ ಪೆಟ್ರೋಲು ಮೇಲೆ ನಿಂತಿತು, ತಳದಲ್ಲಿ ಎರಡು ಬೆರಳಿನಷ್ಟು ನೀರು.

"ನೋಡಿ ಮೇಷ್ಟ್ರೇ, ಗಾಡಿ ಮುಗ್ಗರಿಸ್ತಿದ್ದದ್ದು ಇದಕ್ಕೇ. ಇಂಜೆಕ್ಟರ್ ಕಟ್ಟಿಕೊಂಡಿದೆ, ಸೈಲೆನ್ಸರ್ ಹತ್ತಿರದ ಸೆನ್ಸರೂ ಕೆಟ್ಟಿದೆ. ಯಾವ ಬಂಕಲ್ಲಿ ಹಾಕಿಸ್ತೀರಿ?"

"ಅಲ್ಲಿ, ಇಲ್ಲಿ," ಅಂದರು ಡ್ರಾಯಿಂಗ್ ಮೇಷ್ಟ್ರು. ಹನ್ನೆರಡು ವರ್ಷದಿಂದ ಅವರು ಹಾಕಿಸುತ್ತಿದ್ದದ್ದು ಒಂದೇ ಬಂಕಿನಲ್ಲಿ. ಅದರ ಯಜಮಾನ ಅವರ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಆಗ ಕ್ಲಾಸ್ ಲೀಡರ್ ಆಗಿದ್ದ. ತಲೆ ನರೆತರೂ ಇವರ ಬಾಯಲ್ಲಿ ಲೀಡರ್ರೇ.

ಮನೆಗೆ ಬಂದ ಮೇಲೂ ಮನಸ್ಸು ತಡೆಯಲಿಲ್ಲ. "ಲೀಡರ್ ಕಲಬೆರಕೆಗೆ ಇಳಿದುಬಿಟ್ಟನಲ್ಲ," ಎಂದು ಹೆಂಡತಿಯ ಮುಂದೆ ತೋಡಿಕೊಂಡರು.

"ಹೋಗಿ ಒಂದು ಮಾತು ಕೇಳಬಾರದಾ?"

"ಅವನ ಮುಖ ನೋಡ್ಕೊಂಡು ಹೇಗೆ ಕೇಳಲಿ? ಇರೋ ಸ್ನೇಹವೂ ಕೆಡುತ್ತೆ. ಬಂಕು ಬದಲಾಯಿಸಿದರಾಯ್ತು."

ಬಸ್ ನಿಲ್ದಾಣದ ಹಿಂದಿನ ಬಂಕಿಗೆ ಹೋಗತೊಡಗಿದರು. ಲೀಡರ್ ಬಂಕಿನ ಮುಂದೆ ಹಾದುಹೋಗುವಾಗ ಏನೋ ಹುಡುಕುವವರ ಹಾಗೆ ಪಕ್ಕದ ಸೀಟಿನ ಕಡೆ ತಿರುಗುವರು. ಒಂದು ಸಲ ಅವನು ಕೈ ಬೀಸಿದ್ದನ್ನು ಕಂಡೂ ಕಾಣದಂತೆ ಹೋದರು.

ಮೂರು ವಾರ ಕಳೆದ ಮೇಲೆ, ಒಂದು ಬೆಳಿಗ್ಗೆ, ಆ ಬಂಕಿಗೆ ಹಗ್ಗ ಕಟ್ಟಿತ್ತು. ನೆಲ ಅಗೆದಿತ್ತು. ಲೀಡರ್ ಒಬ್ಬನೇ ಗುಂಡಿಯ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಮೇಷ್ಟ್ರಿಗೆ ಹಾಗೇ ಮುಂದೆ ಹೋಗಲು ಮನಸ್ಸಾಗಲಿಲ್ಲ. ಕಾರು ನಿಲ್ಲಿಸಿ ಇಳಿದರು.

"ಬಾರೋ," ಅಂದ ಲೀಡರ್. ದನಿ ಬಿದ್ದುಹೋಗಿತ್ತು. "ನೆಲದಡಿಯ ಟ್ಯಾಂಕು ಬಿರುಕು ಬಿಟ್ಟು ನೀರು ಇಳೀತಿತ್ತಂತೆ. ಒಳಗಿನ ಸೆನ್ಸರ್ ಕೆಟ್ಟು, ನೀರೇ ಇಲ್ಲ ಅಂತ ತೋರಿಸ್ತಿತ್ತು. ನಾನು ಅದನ್ನೇ ನಂಬಿಕೊಂಡು ಕೂತೆ. ಸೋಮವಾರ ನಮ್ಮ ತಂಗಿ ಇಲ್ಲೇ ಪೆಟ್ರೋಲು ತುಂಬಿಸಿಕೊಂಡು ಹೋದಳು. ಸೇತುವೆ ಮೇಲೆ ಕಾರು ಗಕ್ಕನೆ ನಿಂತುಹೋಯ್ತು. ಹಿಂದೆ ಲಾರಿ. ಪ್ರಾಣಕ್ಕೇನಿಲ್ಲ. ಎಡಗಾಲು ಮಾತ್ರ ಇನ್ನು ಮಡಚೋಕಾಗಲ್ಲ ಅಂತಾರೆ."

ಅವಳನ್ನು ಚಿಕ್ಕಂದಿನಲ್ಲಿ ಎತ್ತಿ ಆಡಿಸಿದ್ದವರು ಮೇಷ್ಟ್ರು. ಎರಡು ಸಮಾಧಾನದ ಮಾತಾಡಿ ಹೊರಟುಬಿಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಬಾಯಿಬಿಟ್ಟರು.

"ನನ್ನ ಕಾರಲ್ಲೂ ನೀರು ಸಿಕ್ಕಿತ್ತು ಕಣೋ. ಮೂರು ವಾರದ ಹಿಂದೆ."

ಲೀಡರ್ ಕುರ್ಚಿಯಿಂದ ಎದ್ದ. "ನಾನೇ ಬೆರೆಸಿದೆ ಅಂದ್ಕೊಂಡ್ಯಾ?"

ಮೇಷ್ಟ್ರು ತಲೆ ತಗ್ಗಿಸಿದರು. ಅಗೆದ ಮಣ್ಣಿನಿಂದ ಪೆಟ್ರೋಲಿನ ವಾಸನೆ ಏಳುತ್ತಿತ್ತು.

ಲೀಡರ್ ಮೆಲ್ಲಗೆ ಅಂದ, "ಹಾಗಂದ್ಕೊಂಡೇ ಬಂದು, ಬಾಯಿಗೆ ಬಂದ ಹಾಗೆ ಬೈದಿದ್ರೂ ಆಗ್ತಿತ್ತಲ್ಲೋ."