ಇಳಿಯದ ಪಲ್ಲಕ್ಕಿ

"ಎಣ್ಣೆ ಕದ್ದವನ ಮಗನ ಹೆಗಲೇ ಬೇಕಾಗಿತ್ತಾ ನಮ್ಮಮ್ಮನಿಗೆ?" ಮೊಮ್ಮಗನನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಊರಿನ ಧಣಿ ದೋನ್ ಸವೇರಿಯೊ ಕೂಗಿದಾಗ ಮೆರವಣಿಗೆಯೆಲ್ಲ ನಕ್ಕಿತು. "ಇಳಿಸೋ ನುನ್ಸಿಯೊ, ಮಗೂನ ಅಮ್ಮನ ಪಾದಕ್ಕೆ ಮುಟ್ಟಿಸ್ಬೇಕು."

ಆ ಮನೆಯೆದುರು ಮರಿಯಮ್ಮನ ಪಲ್ಲಕ್ಕಿ ಇಳಿಯುವುದು ಊರಿನ ರೂಢಿ. ಮುಂದೆ ಹೊರುವ ನುನ್ಸಿಯೊ ಮರದ ಸುತ್ತಿಗೆಯಿಂದ ಪಲ್ಲಕ್ಕಿಯ ದಂಡಕ್ಕೆ ಬಡಿದು ಸನ್ನೆ ಕೊಟ್ಟರಷ್ಟೇ ಅದು ಇಳಿಯುತ್ತದೆ. ಅವನ ಅಪ್ಪನ ಮೇಲೆ ಸುಳ್ಳು ಕಳವು ಹೊರಿಸಿ ಜೈಲಿನಲ್ಲಿ ಸಾಯಿಸಿದವನು ಇದೇ ಸವೇರಿಯೊ. ತಂಗಿ ಜ್ವರದಿಂದ ಎದ್ದರೆ ನಿನ್ನನ್ನು ಎಲ್ಲೂ ಇಳಿಸದೆ ಚರ್ಚು ಮುಟ್ಟಿಸುತ್ತೇನೆಂದು ನುನ್ಸಿಯೊ ಮರಿಯಮ್ಮನಿಗೆ ಹರಕೆ ಹೊತ್ತಿದ್ದ. ತಂಗಿ ಎದ್ದಿದ್ದಳು, ಬರಿಗಾಲಲ್ಲಿ ಹಿಂದೆಯೇ ಬರುತ್ತಿದ್ದಳು.

"ದೊಡ್ಡವರಪ್ಪಾ, ಒಂದ್ಗಳಿಗೆ ಇಳ್ಸು," ಎಂದು ಪಾದ್ರಿ ಪಿಸುಗುಟ್ಟಿದರು. ಸವೇರಿಯೊ ಮಗುವನ್ನು ಎರಡೂ ಕೈಯಲ್ಲಿ ಮುಂದೆ ಚಾಚಿ ಕಾದ.

ಹರಕೆ ತೀರಿಸುವುದು ಇಷ್ಟು ರುಚಿಯಾಗಿರುತ್ತದೆಂದು ನುನ್ಸಿಯೊಗೆ ಗೊತ್ತಿರಲಿಲ್ಲ. ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಮ್ಮನನ್ನು ಹೊತ್ತು ಮುಂದೆ ನಡೆದ.